ಎಮ್ಮೆ ಸಾಹೇಬರ ಚಳಿಗಾಲ

ಬಳ್ಳಾರಿಯವರಿಗೆ ಚಳಿಗಾಲದ ಮೇಲೆ ದೂರು ಹೇಳುವ ಹಕ್ಕಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ವರ್ಷದ ಬಹುಪಾಲು ಕಾದ ಹೆಂಚಿನ ಮೇಲೆ ಬದುಕುವ ಜನ ನಾವು. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ನಮ್ಮ ಮೇಲೆ ಬಿಡುತ್ತವೆ. ಅಂಥ ಊರಿಗೆ ದೀಪಾವಳಿ ಕಳೆದು ತಣ್ಣನೆಯ ಗಾಳಿ ಬಂತೆಂದರೆ ಮುದುಕರಿಗೂ ಹರೆಯ ಬರುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಬುಟ್ಟಿಗಟ್ಟಲೆ ಹಸಿಕಡಲೆ, ಮೇಲೊಂದು ದಪ್ಪನೆಯ ದುಪ್ಪಟಿ. ನನ್ನಂಥ ಸೋಮಾರಿಗೆ ಇನ್ನೇನು ಬೇಕು? ಚಳಿಗಾಲ ಎಂದರೆ ದೇವರೇ ಮಂಜೂರು ಮಾಡಿದ ರಜೆ ಎಂದು ತಿಳಿದಿದ್ದೆ.

ಹೀಗಿರುವಾಗ ಚಳಿ ಬಿತ್ತೆಂದರೆ ಬಾಡಿಹೋಗುವ ಮನುಷ್ಯರೊಬ್ಬರು ಇದೇ ಊರಿನಲ್ಲಿ, ಅದೂ ನನ್ನ ಗೋಡೆಯ ಆಚೆಗೇ ಇದ್ದಾರೆಂದು ತಿಳಿದಾಗ ನನಗೆ ಮೊದಲು ನಗು ಬಂದಿತ್ತು.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಸಿರುಗುಪ್ಪದಿಂದ ಬಂದು ಬಳ್ಳಾರಿಯ ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿ ಸೇರಿದ್ದೆ. ಕೌಲ್ ಬಜಾರಿನ ಹಿಂದೆ ಒಂದು ವಠಾರದಲ್ಲಿ ಕೋಣೆ ಸಿಕ್ಕಿತು. ವಠಾರದ ಒಡತಿ ಆದೋನಿ ಕಡೆಯ ತೆಲುಗು ಹೆಂಗಸು. ನಮಗೆಲ್ಲ ಆಕೆ ಪೆದ್ದಮ್ಮ. ಕನ್ನಡ ಮಾತಾಡುತ್ತ ಮಾತಾಡುತ್ತ ಸಿಟ್ಟು ಬಂದರೆ ತೆಲುಗಿಗೆ ದಾಟುತ್ತಿದ್ದಳು, ಕರುಣೆ ಬಂದರೂ ದಾಟುತ್ತಿದ್ದಳು. ನನ್ನ ಪಕ್ಕದ ಕೋಣೆಯಲ್ಲಿದ್ದವರು ನಮ್ಮ ಕೋರ್ಟಿನ ಭಾಷಾಂತರದ ಸಾಹೇಬರು.

ಸಾಹೇಬರು ಎಂದರೆ ಹ್ಯಾಟು ಬೂಟಿನವರಲ್ಲ. ಕುರುಗೋಡಿನ ಒಕ್ಕಲು ಮನೆತನದವರು. ಎತ್ತರದ ಆಳು, ತಲೆಗೆ ಬಿಳಿ ರುಮಾಲು, ಮೊಣಕೈ ಸವೆದು ಮಿರುಗುವ ಕರಿ ಕೋಟು. ಆಗಲೇ ನಲವತ್ತು ದಾಟಿತ್ತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಾತಾಡುವ ಮೊದಲು ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು, ಊಟಕ್ಕೆ ಕೂತವರ ಹಾಗೆ. ಸಾಕ್ಷಿಗಳು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಜಡ್ಜರಿಗೆ ಒಪ್ಪಿಸುವುದು ಅವರ ಕೆಲಸ.

ಆ ಕೆಲಸದಲ್ಲಿ ಅವರು ಸುತ್ತಲಿನವರಿಗೆಲ್ಲ ಹಬ್ಬ ಮಾಡುತ್ತಿದ್ದರು. ಒಮ್ಮೆ ಹಚ್ಚೊಳ್ಳಿ ಕಡೆಯ ಒಬ್ಬ ರೈತ ಬದುವಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ನಿಂತವನು ರೇಗಿಹೋಗಿ, ಎದುರು ಪಾರ್ಟಿಯ ಏಳು ತಲೆಮಾರಿನ ಹೆಣ್ಣುಮಕ್ಕಳನ್ನೆಲ್ಲ ಸಭೆಗೆ ಕರೆದು ಬೈದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಜಡ್ಜರು ಇವರ ಕಡೆ ನೋಡಿದರು. ಇವರು ಅಂಗೈ ಉಜ್ಜಿಕೊಂಡು ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟೆ: "ಸಾಕ್ಷಿಗೆ ಪ್ರತಿವಾದಿಯ ಮನೆತನದ ಪರಿಚಯ ಚೆನ್ನಾಗಿ ಇದೆ, ಆದರೆ ಗೌರವ ಕಡಿಮೆ." ಜಡ್ಜರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಇದು ಬೇಸಿಗೆಯಲ್ಲಿ. ಮಾರ್ಗಶಿರದಲ್ಲಿ ಅದೇ ಮನುಷ್ಯ ಅದೇ ಜಾಗದಲ್ಲಿ ನಿಂತು, ಸಾಕ್ಷಿ ಅಂದದ್ದನ್ನು ಅಂದ ಹಾಗೆ, ಬೈಗುಳವಾದರೆ ಬೈಗುಳವನ್ನೇ, ಏರಿಳಿತವಿಲ್ಲದ ದನಿಯಲ್ಲಿ ಹೇಳಿ ಮುಗಿಸುತ್ತಿದ್ದರು. ಯಾರಿಗೂ ನಗು ಬರುತ್ತಿರಲಿಲ್ಲ.

ನಾನು ಸೇರಿದ ವರ್ಷ ದೀಪಾವಳಿಗೆ ಅವರು ಕುರುಗೋಡಿಗೆ ಹೋದರು. ಹಬ್ಬ ಕಳೆದು ಒಂದು ಸಂಜೆ ವಠಾರದ ಬಾಗಿಲಲ್ಲಿ ಗದ್ದಲವಾಯಿತು. ಹೊರಗೆ ಬಂದು ನೋಡಿದರೆ, ಕರಿ ಕೋಟು ಹೆಗಲ ಮೇಲೆ ಹಾಕಿಕೊಂಡು, ಮೊಣಕಾಲವರೆಗೆ ಧೂಳಾಗಿ, ಕೈಯಲ್ಲಿ ಹಗ್ಗ ಹಿಡಿದು ಸಾಹೇಬರು ನಿಂತಿದ್ದಾರೆ. ಹಗ್ಗದ ಇನ್ನೊಂದು ತುದಿಗೆ ಒಂದು ಎಮ್ಮೆ. ಅದರ ಹಿಂದೆ ಕರು. ಕುರುಗೋಡಿನಿಂದ ಬಳ್ಳಾರಿಗೆ ನಡೆಸಿಕೊಂಡೇ ಬಂದಿದ್ದರು!

"ಏನ್ ಸಾಹೇಬ್ರ, ವ್ಯಾಪಾರ ಚಾಲೂ ಮಾಡಿದ್ರೇನು?" ಅಂದೆ.

"ವ್ಯಾಪಾರ ಅಲ್ಲಪಾ, ಹೈನು. ಅಕ್ಕ ಕೊಟ್ಟಾಳ. ಶಿವರಾತ್ರಿಗೆ ತಿರುಗಿ ಕೊಡಬೇಕು," ಅಂದರು.

ನಮ್ಮ ಕಡೆ ಹೆರಿಗೆಯಾದ ಮಗಳಿಗೆ ತವರಿನವರು ಹೈನಿನ ಎಮ್ಮೆ ಹೊಡೆದು ಕೊಡುವುದುಂಟು. ಬಾಣಂತಿ ಹಾಲು ತುಪ್ಪ ಉಂಡು ಗಟ್ಟಿಯಾಗಲಿ ಎಂದು. ಮೀಸೆಯ ಗಂಡಸಿಗೆ ಅಕ್ಕನ ಮನೆಯಿಂದ ಎಮ್ಮೆ ಬಂದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಇದು ಪ್ರತಿ ವರ್ಷದ ಪದ್ಧತಿಯೆಂದು ಪೆದ್ದಮ್ಮನೇ ಹೇಳಿ, "ನಮ್ಮ ಸಾಹೇಬ ಬಾಣಂತನಕ್ಕ ಕುಂತ ನೋಡ್ರಿ" ಎಂದು ಸೆರಗಿನಲ್ಲಿ ನಕ್ಕಳು. ಕೋರ್ಟಿನಲ್ಲಿ ಅವರಿಗೆ ಎಮ್ಮೆ ಸಾಹೇಬರು ಎಂದು ಹೆಸರೇ ಬಿದ್ದಿತ್ತು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಶಿರಸ್ತೇದಾರರು "ಕೂಸು ಬಾಣಂತಿ ಹ್ಯಾಂಗದಾರ?" ಎಂದು ಕೇಳಿದರೆ, "ಕೂಸಿಗೆ ಕೋಡು ಮೂಡ್ಯಾವ್ರಿ" ಎನ್ನುತ್ತಿದ್ದರು.

ಎಮ್ಮೆ ಬಂದ ಮಾರನೆಯ ದಿನದಿಂದ ನನ್ನ ಸುಖನಿದ್ರೆಗೆ ಕಲ್ಲು ಬಿತ್ತು. ಕೋಳಿ ಕೂಗುವ ಮೊದಲೇ ಅದು ಕೂಗುತ್ತಿತ್ತು. ಆಮೇಲೆ ಗೋಡೆಯಾಚೆ ಚಿಲಕದ ಸದ್ದು, ಚಪ್ಪಲಿಯ ಸದ್ದು, ಕಡೆಗೆ ಚರಿಗೆಗೆ ಹಾಲು ಬೀಳುವ ಸದ್ದು. ಸಾಹೇಬರು ಕಂಬಳಿ ಹೊದ್ದುಕೊಂಡೇ ಕುಕ್ಕುರುಗಾಲಲ್ಲಿ ಕೂತು ಹಿಂಡುತ್ತಿದ್ದರು. ಹತ್ತಿಕಾಳು ನೆನೆಹಾಕುವುದು, ಜೋಳದ ಕಣಿಕೆ ಹಾಕುವುದು, ಸಗಣಿ ಬಾಚುವುದು, ಎಲ್ಲ ಅವರೇ. ಹಾಲನ್ನು ಮಾರುತ್ತಿರಲಿಲ್ಲ. ಪೆದ್ದಮ್ಮನ ಕಾಫಿಗೆ, ಎದುರು ಮನೆಯ ತಾಯಿಲ್ಲದ ಕೂಸಿಗೆ, ನನಗೆ, ಹೀಗೆ ಹಂಚುವುದು. ಹಂಚುತ್ತೇನೆಂದು ದಸರೆಯಲ್ಲೇ, ಇನ್ನೂ ಲವಲವಿಕೆ ಇರುವಾಗಲೇ, ಮನೆಮನೆಗೆ ಹೋಗಿ ಮಾತು ಕೊಟ್ಟು ಬಂದಿರುತ್ತಿದ್ದರು. ಹಾಲು ಕೊಟ್ಟು ಬಂದವರೇ ಎಮ್ಮೆಯನ್ನು ಕೋಟೆಗುಡ್ಡದ ತಪ್ಪಲಿಗೆ ಹೊಡೆದುಕೊಂಡು ಹೋಗಿ, ಬಂಡೆಯ ಮೇಲೆ ಕೂತು ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡುತ್ತಿದ್ದರು. ಕೋರ್ಟಿನಲ್ಲಿಯೂ ಅಷ್ಟೆ. ಬಿಸಿಲು ಜಗುಲಿಯಲ್ಲಿ ಸರಿದ ಹಾಗೆ ಅವರ ಮೇಜೂ ಸರಿಯಬೇಕು. ಜವಾನ ಗೊಣಗುತ್ತಲೇ ಒಂದು ಕಡೆ ಹಿಡಿಯುತ್ತಿದ್ದ.

ಅವರಿಗೆ ಏನಾಗುತ್ತದೆ ಎಂದು ನಾನೇ ಒಂದು ದಿನ ಕೇಳಿದೆ. ಭಾನುವಾರ, ತಪ್ಪಲಿನಲ್ಲಿ ಎಮ್ಮೆ ಮೇಯುತ್ತಿತ್ತು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗಿದ್ದೆ. ಅವರು ಒಂದು ಮೆಣಸಿನಕಾಯಿ ಹಿಡಿದು ತಿರುಗಿಸುತ್ತ ಕೂತಿದ್ದರು.

"ಮನಿಯವರನ್ನ ನೆನೆಸಿಕೊಂಡು ಹಿಂಗ ಆಗ್ತೈತೇನ್ರಿ?" ಅಂದೆ. ವಠಾರದ ಎಲ್ಲರ ಊಹೆಯೂ ಅದೇ ಆಗಿತ್ತು. ಪೆದ್ದಮ್ಮ ಎರಡು ಸಲ ಹೆಣ್ಣು ನೋಡಿ ಇಟ್ಟಿದ್ದಳು ಕೂಡ.

"ಅಲ್ಲ ತಮ್ಮಾ. ಆಕಿ ಇದ್ದಾಗೂ ಹಿಂಗ ಆಗ್ತಿತ್ತು. ಪಾಪ, ನನ್ನಿಂದ ಏನ್ ತಪ್ಪಾತು ಅಂತ ಆಕಿ ಅಳತಿದ್ಳು. ಇದು ದುಃಖ ಅಲ್ಲ. ದುಃಖಾದ್ರ ಅತ್ತು ಮುಗಸಬಹುದು. ಕಂದೀಲಿನ ಬತ್ತಿ ಯಾರೋ ಸಣ್ಣ ಮಾಡಿದಂಗ ಆಗ್ತೈತಿ. ಎಣ್ಣಿ ಐತಿ, ಗಾಜು ಐತಿ, ಬೆಳಕಿಲ್ಲ. ಎದ್ದು ಕುಂದ್ರಾಕೂ ಯಾಕ ಅನಸ್ತೈತಿ. ಉಣ್ಣಾಕ ಯಾಕ, ಮಾತಾಡಾಕ ಯಾಕ."

"ಮತ್ತ ಎದ್ದು ಎಮ್ಮಿ ಹಿಂಡ್ತೀರಲ್ಲ?"

"ಅದಕ್ಕ ಎಮ್ಮಿ. ನೀ ಬಂದು ಏಳ್ರಿ ಅಂದ್ರ, ಹೂಂ ಅಂದು ಮಗ್ಗಲಾ ಬದಲಿಸ್ತೀನಿ. ಎಮ್ಮಿ ನನ್ನ ಸಮಾಧಾನ ಮಾಡಂಗಿಲ್ಲ. ಅದರ ಕೆಚ್ಚಲ ಬಿಗೀತೈತಿ, ಅದು ಒದರ್ತೈತಿ. ನಾ ಏಳಲೇಬೇಕು. ಎದ್ದು ಒಂದ್ ತಾಸು ಬಿಸಿಲಾಗ ತಿರುಗಿದ್ರ ಆ ದಿನ ದಾಟಿತು ಅಂತ ಲೆಕ್ಕ. ನಾಳಿದು ನಾಳಿಗೆ."

ಹೇಳುತ್ತ ಮೆಣಸಿನಕಾಯನ್ನು ಕಚ್ಚಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದು ಬರೀ ಖಾರದ ನೀರೇ ಎಂದು ತೋರಿಸಲು ಉಸ್ಸುಸ್ಸು ಎಂದು ನನ್ನ ಕಡೆ ನಕ್ಕರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಹೊತ್ತಿನಲ್ಲಿ. ಆದರೆ ನಿಜ ಹೇಳಬೇಕೆಂದರೆ, ಅವರ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಹುಷಾರಿರುವ ಮನುಷ್ಯನಿಗೆ ಎದ್ದು ಕೂರುವುದು ಕಷ್ಟ ಎಂಬುದು ನನ್ನಂಥ ಗಟ್ಟಿ ಜೀವಕ್ಕೆ ಅರ್ಥವಾಗುವ ವಿಷಯವಾಗಿರಲಿಲ್ಲ.

ಅವರದು ಇನ್ನೊಂದು ನಿಯಮವಿತ್ತು. ಎಮ್ಮೆ ಬಾಗಿಲಲ್ಲಿ ಇರುವಷ್ಟು ದಿನ ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲ. ಹೊಲ ಮಾರುವ ಮಾತು, ಹೆಣ್ಣಿನ ಮಾತು, ಬಡ್ತಿಯ ಮಾತು, ಏನೇ ಬರಲಿ, "ಶಿವರಾತ್ರಿ ಆಗಲಿ" ಎನ್ನುವರು. "ಈಗ ಹೇಳೋನು ನಾ ಅಲ್ಲ, ನನ್ನ ಚಳಿ" ಎಂದು ನನಗೊಮ್ಮೆ ವಿವರಿಸಿದ್ದರು. ಆ ನಿಯಮ ಬೇಕೇ ಆಗಿತ್ತು, ಬೇಡ ಎನ್ನುವ ಶಕ್ತಿ ಆಗ ಅವರಲ್ಲಿ ಇರುತ್ತಿರಲಿಲ್ಲ. ಹಾಗೆ ಮುಂದೂಡಿದ ಮೇಲೂ ಯಾರಾದರೂ ಒತ್ತಾಯ ಮಾಡಿದರೆ "ಆಗಲಿ" ಎಂದುಬಿಡುತ್ತಿದ್ದರು.

ಯುದ್ಧ ಮುಗಿದ ಮೇಲಿನ ಒಂದು ಚಳಿಗಾಲ ಅವರಿಗೆ ಬಹಳ ಕಠಿಣವಾಗಿ ಬಂತು. ಅಂಗಡಿಗಳಲ್ಲಿ ಸೀಮೆಎಣ್ಣೆ ಇಲ್ಲ. ಹೊತ್ತು ಮುಳುಗಿದರೆ ವಠಾರವೇ ಬಾವಿಯ ಹಾಗೆ ಕಪ್ಪು. ಮೋಡ ಕವಿದು ವಾರಗಟ್ಟಲೆ ಬಿಸಿಲೇ ಸರಿಯಾಗಿ ಬೀಳಲಿಲ್ಲ. ಸಾಹೇಬರು ಹಾಲು ಹಿಂಡುತ್ತಿದ್ದರು, ಕೋರ್ಟಿಗೆ ಬರುತ್ತಿದ್ದರು. ಆದರೆ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿರುತ್ತಿದ್ದರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಎಲ್ಲರಿಗೂ ಅಯ್ಯೋ ಅನ್ನಿಸಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಲು ನಾನು ಸಿರುಗುಪ್ಪಕ್ಕೆ ಹೊರಟಾಗ, "ಹೋಗಿ ಬಾ ತಮ್ಮಾ, ಬರತಾ ಅಕ್ಕಿ ತಾ" ಅಂದರು. ಊರಿನಲ್ಲಿ ತಾಯಿಗೆ ಜ್ವರ ಬಂದು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ನಿಲ್ಲಬೇಕಾಯಿತು.

ತಿರುಗಿ ಬಂದಾಗ ವಠಾರದ ಬಾಗಿಲಲ್ಲಿ ಎಮ್ಮೆ ಇರಲಿಲ್ಲ. ಗೂಟ ಮಾತ್ರ ಇತ್ತು.

ಪೆದ್ದಮ್ಮ ಹೆಮ್ಮೆಯಿಂದ ಎಲ್ಲ ಹೇಳಿದಳು. ತಮಾಷೆಗೆ ಬಾಣಂತಿ ಬಾಣಂತಿ ಎನ್ನುತ್ತಿದ್ದವಳಿಗೆ ಈ ಸಲ ಅವರ ಮುಖ ನೋಡಿ ನಗು ಬರಲಿಲ್ಲವಂತೆ. "ಬಾಣಂತಿ ಕೈಲಿ ಯಾರಾದ್ರೂ ಎಮ್ಮಿ ಹಿಂಡಸ್ತಾರೇನಯ್ಯಾ? ಪಾಪಂ, ಒಂಟಿ ಮನುಷ್ಯ, ಆ ಚಳಿಯಾಗ ಎದ್ದು ಸಗಣಿ ಬಾಚಿ ಬಾಚಿ ಜೀವ ಸಣ್ಣ ಮಾಡಿಕೊಂಡಾನ. ನಾನ ಗಾಡಿಯಾಳನ್ನ ಕರೆಸಿ ಎಮ್ಮಿ ಕುರುಗೋಡಿಗೆ ಹೊಡಿಸಿಬಿಟ್ಟೆ. ಈಗ ನೋಡು, ಹೆಂಗ ಬೆಚ್ಚಗ ಮಲಗಿಸೀನಿ."

ಅವರನ್ನು ಕೇಳಲಿಲ್ಲವೇ ಅಂದೆ.

"ಕೇಳಿದೆ. ಆಗಲಿ ಪೆದ್ದಮ್ಮಾ ಅಂದ."

ಅವಳು ತನ್ನ ಹೆಣ್ಣುಮಕ್ಕಳಿಗೆ ಮಾಡಿದ ಬಾಣಂತನವನ್ನೇ ಅಚ್ಚುಕಟ್ಟಾಗಿ ಸಾಹೇಬರಿಗೂ ಮಾಡಿದ್ದಳು. ಕಿಟಕಿಗೆ ಗೋಣಿಚೀಲ ಬಡಿದು ಗಾಳಿ ಬೆಳಕು ಬಾರದ ಹಾಗೆ ಮುಚ್ಚಿದ್ದಳು. ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಹೊತ್ತುಹೊತ್ತಿಗೆ ಬಿಸಿ ಅನ್ನ, ಬೆಳ್ಳುಳ್ಳಿ, ಮೆಣಸಿನ ಸಾರು ಹಾಸಿಗೆಯ ಹತ್ತಿರಕ್ಕೇ. ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳಬಾರದೆಂದು ಅಪ್ಪಣೆ. ಶಿರಸ್ತೇದಾರರೂ ಬಂದು ನೋಡಿ, ತಾವೇ ರಜೆ ಬರೆದುಕೊಂಡು, "ಆರಾಮ ಆಗೋ ಮಟ ಬರಬ್ಯಾಡ್ರಿ" ಎಂದು ಹೇಳಿ ಹೋಗಿದ್ದರಂತೆ. ಜನರಿಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟೂ ಸೇರಿ ಆ ಕೋಣೆಯನ್ನು ಮುಚ್ಚಿತ್ತು.

ಒಳಗೆ ಹೋದೆ. ಕತ್ತಲೆಗೆ ಕಣ್ಣು ಹೊಂದಲು ಹೊತ್ತು ಹಿಡಿಯಿತು. ಸಾಹೇಬರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಗಡ್ಡ ಬೆಳೆದಿತ್ತು. ತಟ್ಟೆಯ ಅನ್ನ ಹಾಗೇ ಆರಿತ್ತು.

"ಸಾಹೇಬ್ರ, ಅಕ್ಕಿ ತಂದೀನಿ."

"ಹೂಂ."

"ಹೊರಗ ಬರ್ರಿ, ಬಿಸಿಲು ಐತಿ."

"ಆಗಲಿ," ಅಂದರು. ಏಳಲಿಲ್ಲ. ಗೋಡೆಗೇ ಹೇಳುವ ಹಾಗೆ, "ಎಮ್ಮಿ ಹೋತಲ್ಲ ತಮ್ಮಾ. ಇನ್ನ ಯಾರಿಗೆ ಏಳಲಿ?" ಅಂದರು.

ಆ ಮಾತನ್ನು ಕೇಳಿ ನನಗೆ ಹೆದರಿಕೆಯಾಯಿತು. ಅವತ್ತಿನವರೆಗೆ ಅವರ ಚಳಿಯನ್ನು ಒಂದು ವಿಚಿತ್ರ ಅಭ್ಯಾಸ ಎಂದುಕೊಂಡಿದ್ದವನಿಗೆ, ಈ ಮನುಷ್ಯ ನಮ್ಮ ಕೈಬಿಟ್ಟು ಹೋಗಬಹುದು ಎಂದು ಹೊಳೆಯಿತು. ಕೆಲಸ ಹೋದರೆ ಹೋಗಲಿ, ಜೀವವೇ ಹೋದೀತು. ಗೋಣಿಚೀಲ ಕಿತ್ತುಹಾಕೋಣವೆಂದರೆ ಪೆದ್ದಮ್ಮ ಕೈ ಹಿಡಿದು, "ಸನ್ನಿ ಆಗ್ತೈತಿ, ಮುಟ್ಟಬ್ಯಾಡ" ಎಂದು ರೇಗಿದಳು. ಮಾರನೆಯ ದಿನವೇ ನಾನು ಕುರುಗೋಡಿಗೆ ಹೊರಟೆ.

ಅಕ್ಕ ವಿಧವೆ. ಸಣ್ಣ ದೇಹ, ದೊಡ್ಡ ದನಿ. ಹಿತ್ತಲಿನಲ್ಲಿ ಆ ಎಮ್ಮೆಯ ಮುಂದೆ ಕೂತು ಅದಕ್ಕೆ ಮನಸಾರೆ ಬೈಯುತ್ತಿದ್ದಳು. ಅದು ಅವಳ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಕರುವನ್ನು ಬಿಟ್ಟು ಕುಡಿಸಿ ಕುಡಿಸಿ ಕೆಚ್ಚಲು ಕಾಯುತ್ತಿದ್ದಳು. ತಮ್ಮನೇ ಕಳಿಸಿದ್ದಾನೆ, ಅಂದರೆ ಅವನಿಗೆ ಗುಣವಾಗಿದೆ ಎಂದು ಅವಳ ತಿಳಿವಳಿಕೆ. ಗಾಡಿಯಾಳು ಹಾಗೆಯೇ ಹೇಳಿದ್ದನಂತೆ. ನಾನು ಕಂಡದ್ದನ್ನೆಲ್ಲ ಹೇಳಿದೆ. ಗೋಣಿಚೀಲದ ಮಾತು ಬಂದಾಗ ಅವಳು ಎದ್ದು ನಿಂತಳು.

"ನಮ್ಮಪ್ಪಗೂ ಹಿಂಗ ಇತ್ತಪಾ," ಅಂದಳು. "ಚಳಿ ಬಿದ್ರ ಮೂಲಿ ಹಿಡಿದು ಕುಂದ್ರತಿದ್ದ. ದುಡಿದು ದಣದಾನ, ಮಲಗಲಿ ಬಿಡ್ರಿ ಅಂದ್ರು ಎಲ್ಲಾರೂ. ಎತ್ತು ಕಾಕಾ ನೋಡಿದ, ಹೊಲ ಮಾವ ನೋಡಿದ. ಅಪ್ಪಗ ಮಾಡಾಕ ಏನೂ ಉಳೀಲಿಲ್ಲ. ಮಲಗಿದ. ಆಮ್ಯಾಲೆ ಉಣ್ಣೋದು ಬಿಟ್ಟ, ನೀರು ಬಿಟ್ಟ. ಸಂಕ್ರಾಂತಿ ಕಾಣಲಿಲ್ಲ ಅವ. ತಮ್ಮ ಆಗ ಇನ್ನೂ ಸಣ್ಣಾವ. ದೊಡ್ಡಾವಾದ ಮ್ಯಾಲೆ ಇವಗೂ ಅದ ಬಂತು ಅಂತ ನನಗ ಗೊತ್ತಾದ ದಿನ ನಾ ಅಳಲಿಲ್ಲ. ಎಮ್ಮಿ ಹಗ್ಗ ತಂದು ಕೈಗೆ ಕೊಟ್ಟೆ. ಬ್ಯಾರೆ ಯಾರ ಕೈಯೂ ಹಚ್ಚಬ್ಯಾಡ, ನೀನ ಹಿಂಡು ಅಂದೆ."

ಅಷ್ಟು ಹೇಳಿ ಒಳಗೆ ಹೋದಳು. ರೊಟ್ಟಿ ಕಟ್ಟಿಕೊಂಡಳು. ಆಳುಮಗ ಎಮ್ಮೆಯನ್ನು ಬಿಚ್ಚಿದ. ನಾನು, ಅವನು, ಆ ಮುದುಕಿ, ಎಮ್ಮೆ, ಕರು, ಐದು ಜೀವ ಬಳ್ಳಾರಿಯ ದಾರಿ ಹಿಡಿದೆವು. ದಾರಿಯಲ್ಲಿ ಸಿಕ್ಕ ಗಾಡಿ ಹತ್ತು ಎಂದರೆ ಅವಳು ಹತ್ತಲಿಲ್ಲ. ಎಮ್ಮೆಯ ಕೊರಳಿನ ಮೇಲೆ ಕೈಯಿಟ್ಟುಕೊಂಡೇ ನಡೆದಳು. ದಾರಿಯ ಹಳ್ಳಿಯೊಂದರಲ್ಲಿ ಅವರ ಬಳಗದವರ ಜಗುಲಿಯಲ್ಲಿ ಇಳಿದು, ನಸುಕಿಗೆ ಎದ್ದು ಮತ್ತೆ ಹೊರಟು, ಹೊತ್ತು ಏರುವ ವೇಳೆಗೆ ವಠಾರ ಮುಟ್ಟಿದೆವು. ಆವತ್ತು ಬೇಕೆಂದೇ ಕರುವಿಗೆ ಬಾಯಿಕುಕ್ಕೆ ಕಟ್ಟಿದ್ದಳು. ಎಮ್ಮೆಯ ಕೆಚ್ಚಲು ತುಂಬಿ ಬಿಗಿದಿತ್ತು.

ಗೂಟಕ್ಕೆ ಹಗ್ಗ ಬಿಗಿದು, ಅಕ್ಕ ನೇರ ಸಾಹೇಬರ ಕಿಟಕಿಗೆ ಹೋದಳು. ಹೊರಗಿನಿಂದಲೇ ಗೋಣಿಚೀಲಗಳನ್ನು ಕಿತ್ತು ಎಸೆದಳು. ಆದರೆ ಒಳಗೆ ಹೋಗಲಿಲ್ಲ, ತಮ್ಮನನ್ನು ಕರೆಯಲೂ ಇಲ್ಲ. ಬಾಗಿಲ ಎದುರಿಗೆ ಅಂಗಳದಲ್ಲಿ ಕೂತಳು.

ಪೆದ್ದಮ್ಮ ಓಡಿ ಬಂದಳು. ಎಮ್ಮೆ ನೋವಿಗೆ ಒದರತೊಡಗಿತ್ತು. "ಅಯ್ಯೋ, ಮೂಕ ಜೀವ! ನಾ ಹಿಂಡ್ತೀನಿ ತಾ," ಎಂದು ಚರಿಗೆ ತಂದಳು.

"ಬ್ಯಾಡ ತಾಯೀ," ಅಂದಳು ಅಕ್ಕ. "ಯಾರೂ ಹಿಂಡಬ್ಯಾಡ್ರಿ. ಯಾರೂ ಒಳಗ ಹೋಗಬ್ಯಾಡ್ರಿ."

"ಅದಕ್ಕ ಬ್ಯಾನಿ ಆಗ್ತೈತಿ!"

"ಆಗ್ತೈತಿ. ನನಗೂ ಗೊತ್ತೈತಿ."

ವಠಾರದ ಹೆಂಗಸರೆಲ್ಲ ಬಾಗಿಲುಗಳಲ್ಲಿ ನಿಂತರು. ಎಮ್ಮೆ ಒದರುತ್ತಲೇ ಇತ್ತು. ಒಳಗಿನಿಂದ ಸದ್ದಿಲ್ಲ. ನನಗೆ ಕೂತಲ್ಲಿ ಕೂರಲಾಗದೆ ಎದ್ದರೆ ಅಕ್ಕ ನನ್ನ ಪಂಚೆ ಹಿಡಿದು ಕೂರಿಸಿದಳು. ಕೂರಿಸಿದ ಮೇಲೂ ಬಿಗಿಯಾಗಿ ಹಿಡಿದ ಪಂಚೆಯನ್ನು ಬಿಡಲಿಲ್ಲ. ದನಿ ಎಷ್ಟು ಗಟ್ಟಿಯಿದ್ದರೂ, ಬಾಗಿಲು ತೆರೆಯದೇ ಹೋದರೆ ಮುಂದೇನು ಎಂದು ಅವಳಿಗೂ ತಿಳಿಯದು ಎಂಬುದು ಆ ಕೈಯಿಂದ ನನಗೆ ಗೊತ್ತಾಯಿತು. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ಪೆದ್ದಮ್ಮ ತೆಲುಗಿನಲ್ಲಿ ದೇವರನ್ನು ಕರೆಯುತ್ತ ಅಳತೊಡಗಿದಳು. ಅಕ್ಕ ಅವಳ ಕಡೆ ತಿರುಗಿ ಮೆಲ್ಲಗೆ, "ಅಳಬ್ಯಾಡವ್ವಾ. ನೀನು ಬಾಣಂತನ ಮಾಡಿದಿ. ತಾಯಿ ಇದ್ದಿದ್ರೂ ಅದನ್ನ ಮಾಡತಿದ್ಳು," ಅಂದಳು.

ಚಿಲಕದ ಸದ್ದು ಕೇಳಿತು.

ಬಾಗಿಲು ತೆರೆಯಿತು. ಕಂಬಳಿ ಹೊದ್ದು, ಚೌಕಟ್ಟು ಹಿಡಿದು ಸಾಹೇಬರು ನಿಂತಿದ್ದರು. ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅಕ್ಕನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎಮ್ಮೆಯ ಕೆಚ್ಚಲೊಂದನ್ನೇ ನೋಡಿದರು.

"ಯಾರಿಗೂ ಕಣ್ಣಿಲ್ಲೇನು? ಹಿಂಗ ಬಿಗಿಯೋ ಮಟ ಬಿಡತಾರೇನ್ರಲೇ?" ಅಂದರು. "ಚರಿಗಿ ಎಲ್ಲೈತಿ?"

ಪೆದ್ದಮ್ಮ ಅಳುತ್ತಲೇ ಚರಿಗೆ ಕೊಟ್ಟಳು. ಅವರು ಕುಕ್ಕುರುಗಾಲಲ್ಲಿ ಕೂತರು. ಒಂದು ಕಡೆ ವಾಲಿ, ಎಮ್ಮೆಯ ಹೊಟ್ಟೆಗೇ ಹಣೆ ಆನಿಸಿಕೊಂಡರು. ಎಮ್ಮೆ ಒದರುವುದನ್ನು ನಿಲ್ಲಿಸಿತು. ಹಾಲು ಬಿದ್ದ ಸದ್ದಿಗೆ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಅತ್ತೆ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಒಂದೇ ದಿನಕ್ಕೆ ಅವರು ನೆಟ್ಟಗಾದರು ಎಂದೇನೂ ಅಲ್ಲ. ಅಕ್ಕ ಸಂಕ್ರಾಂತಿಯವರೆಗೂ ನಿಂತಳು. ದಿನಾ ಅದೇ ಕಥೆ. ಎಮ್ಮೆ ಒದರಬೇಕು, ಇವರು ಏಳಬೇಕು, ಯಾರೂ ಕೈ ಹಚ್ಚಬಾರದು. ಮೊದಮೊದಲು ತಪ್ಪಲಿಗೆ ಹೋಗುವಾಗ ದಾರಿಯಲ್ಲಿ ಎರಡು ಕಡೆ ಕೂರುತ್ತಿದ್ದರು. ರಥಸಪ್ತಮಿಯ ಹೊತ್ತಿಗೆ ಕೋರ್ಟಿಗೆ ಬಂದರು. ಬಂದು ಎಷ್ಟೋ ದಿನದ ಮೇಲೆ, ಎರಡು ಭಾಷೆ ಕಲಸಿ ತಡವರಿಸುತ್ತಿದ್ದ ಒಬ್ಬ ಸಾಕ್ಷಿಯ ಮಾತು ಕೇಳಿ ಅಂಗೈ ಉಜ್ಜಿಕೊಂಡಾಗ, ಶಿರಸ್ತೇದಾರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಬದಲಾದವಳು ಪೆದ್ದಮ್ಮ. ಮುಂದಿನ ಚಳಿಗಾಲದಿಂದ ಅವಳು ಕರುಣೆಯನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಹಾಕಿದಳು. ಬೆಳಗಾದರೆ ಅವರ ಬಾಗಿಲಲ್ಲಿ ನಿಂತು, "ಏಮಯ್ಯಾ ಸಾಹೇಬಾ! ಕಾಫಿಗೆ ಹಾಲೆಲ್ಲಿ? ಬಾಡಿಗಿ ಮನಿಯಾಗ ಇದ್ದು ಇಷ್ಟು ಸೊಕ್ಕೇನು ನಿನಗ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಆಮೇಲೆ ನನ್ನ ಕೋಣೆಗೆ ಬಂದು, "ಜಾಸ್ತಿ ಬೈದೆನೇನೋ?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದಳು. ಸಾಹೇಬರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. "ಪೆದ್ದಮ್ಮನ ಬೈಗುಳ ಇಂಗ್ಲಿಷಿಗೆ ತಿರುಗಿಸಾಕ ನನಗೂ ಬರಂಗಿಲ್ಲ" ಎಂದು ನಗುತ್ತಿದ್ದರು. ಆ ನಗು ಚಳಿಗಾಲದಲ್ಲಿ ತೆಳ್ಳಗೆ ಇರುತ್ತಿತ್ತು, ಆದರೆ ಇರುತ್ತಿತ್ತು.

ಸ್ವಾತಂತ್ರ್ಯ ಬಂತು. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಬೀದಿಬೀದಿಯಲ್ಲಿ ವಾದ ಹತ್ತಿತು. ಎರಡು ಭಾಷೆಗಳ ನಡುವೆ ಜೀವನ ಮಾಡಿದ ಸಾಹೇಬರನ್ನು ಎರಡು ಕಡೆಯವರೂ ಎಳೆಯುತ್ತಿದ್ದರು. "ಶಿವರಾತ್ರಿ ಆಗಲಿ" ಎಂದು ಅವರಿಗೂ ಹೇಳಿ ಕಳಿಸುತ್ತಿದ್ದರು. ಆ ದಿನಗಳಲ್ಲೇ ಅವರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ನಮ್ಮ ಮನೆಯ ಹತ್ತಿರವೇ ಮನೆ ಮಾಡಿಕೊಂಡರು. ಎಮ್ಮೆ ಈಗ ಕುರುಗೋಡಿನಿಂದ ಸಿರುಗುಪ್ಪಕ್ಕೆ ನಡೆಯತೊಡಗಿತು. ಅದು ಆ ಹಳೆಯ ಎಮ್ಮೆಯಲ್ಲ, ಅದರ ಮಗಳು. ಗದ್ದೆಯ ಬದುವಿನಲ್ಲಿ ಅದನ್ನು ಮೇಯಿಸುತ್ತ, ಕಾಲುವೆಯ ದಂಡೆಯ ಮೇಲೆ ಗದ್ದ ಎತ್ತಿ ಕೂತ ಅವರನ್ನು ನೋಡಿ ನನ್ನ ತಾಯಿ, "ಯಾರಪಾ ಅವರು, ಸೂರ್ಯನ ಮುಂದ ಮಂಗಳಾರತಿಗೆ ಕುಂತಂಗ ಕುಂತಾರಲ್ಲ?" ಎಂದು ಕೇಳಿದ್ದಳು. ನಾನು ಊರಿಗೆ ಹೋದಾಗಲೆಲ್ಲ ಅವರ ಪಕ್ಕದಲ್ಲಿ ಕೂತು ಬರುತ್ತಿದ್ದೆ.

ಒಂದು ಯುಗಾದಿ ಕಳೆದು, ಬೇವಿನ ಹೂವು ಉದುರುವ ದಿನಗಳಲ್ಲಿ ಅವರಿಗೆ ಜ್ವರ ಬಂತು. ನಾಲ್ಕಾರು ದಿನದ ಜ್ವರ ಅಷ್ಟೆ. ಮಲಗಿದಲ್ಲೇ ಡಾಕ್ಟರರನ್ನು ನಗಿಸಿದ್ದರಂತೆ. ಸುದ್ದಿ ತಿಳಿದು ನಾನು ಬಳ್ಳಾರಿಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಕೊನೆಗಾಲದಲ್ಲಿ ಜೊತೆಗಿದ್ದಳು. ಮನೆಯೊಳಗೆ ಹೆಂಗಸರು ಅಳುತ್ತಿದ್ದರು. ಅವಳು ಮಾತ್ರ ಹೊರಗೆ, ಕಟ್ಟೆಯ ಮೇಲೆ, ಉರಿಬಿಸಿಲಿನಲ್ಲಿ ಕೂತಿದ್ದಳು. ನೆರಳಿಗೆ ಬಾ ಎಂದು ಯಾರು ಕರೆದರೂ ಏಳುತ್ತಿರಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಕಟ್ಟೆಯ ಕಲ್ಲು ಸುಡುತ್ತಿತ್ತು. ಅವಳೇ ನನ್ನ ಕೈ ಹಿಡಿದುಕೊಂಡಳು. ಅಂದು ಪಂಚೆ ಹಿಡಿದ ಬಿಗಿ ಈಗ ಆ ಕೈಯಲ್ಲಿ ಇರಲಿಲ್ಲ.

"ಬಿಸಿಲಾಗ ಹೋದ ನೋಡಪಾ," ಅಂದಳು. "ನಕ್ಕೋಂತ ಹೋದ. ದೇವರು ಕೇಳಿದ, ಕೊಟ್ಟೆ. ಚಳಿಗೆ ಮಾತ್ರ ನಾ ಅವನ್ನ ಕೊಡಲಿಲ್ಲ."